ಗೈಡ್ ಯಾಕೆ ಕೂಗಿದರು ಅಂತ ಬರೆಯಿರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಕೆರಿಬಿಯನ್ ಕಡಲಿನ ಬೊನೇರ್ ದ್ವೀಪದಲ್ಲಿ ದೋಣಿಯಲ್ಲಿ ಹೋಗಿ ಸ್ನಾರ್ಕೆಲಿಂಗ್ ಮಾಡಿದ, ಅಂದರೆ ಮಾಸ್ಕ್, ಉಸಿರುಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಒಳಗೆ ನೋಡಿದ ಬಗ್ಗೆ ನೀವು ಕಳಿಸಿದ ಪ್ರವಾಸ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ಎಲ್ಲೂ ತಡವರಿಸದೆ ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ.

ಸಾಮಾನ್ಯವಾಗಿ ಇಷ್ಟು ಹೇಳಿ ಪತ್ರ ಮುಗಿಸುತ್ತೇನೆ. ಈ ಲೇಖನ ಮಾತ್ರ ನನ್ನನ್ನು ಸುಮ್ನೆ ಇರಲು ಬಿಡಲಿಲ್ಲ. ಒಂದು ಸಾಲಿಗೆ ಸಿಟ್ಟು ಬಂತು. ಇನ್ನೊಂದು ಸಾಲಿಗೆ ಕುರ್ಚಿಯಿಂದ ಎದ್ದು ನಿಂತೆ. ಎರಡೂ ಮೂರನೆಯ ಪುಟದಲ್ಲಿವೆ. ಮುಖ್ಯವಾಗಿ ಅವುಗಳ ಬಗ್ಗೆ ಬರೆಯುತ್ತೇನೆ.

ಸಿಟ್ಟು ಬಂದದ್ದು ಇಲ್ಲಿ: “ಮಾಸ್ಕ್ ಸರಿಮಾಡಿಕೊಳ್ಳಲು ಸೊಂಟದೆತ್ತರದ ಒಂದು ಹವಳದ ಗುಂಡಿನ ಮೇಲೆ ಕಾಲೂರಿ ನಿಂತೆ. ಗೈಡ್ ಒರಟಾಗಿ ಕೂಗಿದರು. ಖುಷಿಗೆ ಸ್ವಲ್ಪ ಭಂಗ ಬಂತು. ಮುಂದೆ ಬಣ್ಣಬಣ್ಣದ ಮೀನುಗಳು ಕಾಣಿಸಿದವು.”

ಇಡೀ ಲೇಖನದಲ್ಲಿ ಇಬ್ಬರು ಮನುಷ್ಯರ ನಡುವೆ ಏನಾದರೂ ನಡೆದದ್ದು ಅಂದರೆ ಇದೊಂದೇ. ಅದನ್ನು ಮೂರು ಪುಟ್ಟ ಸಾಲಿನಲ್ಲಿ ಮುಗಿಸಿದ್ದೀರಿ. ಅದೂ ಪೂರ್ತಿ ನಿಮ್ಮ ಕಡೆಯಿಂದ. ‘ಒರಟಾಗಿ’ ಅಂತ ತೀರ್ಪು ಕೊಟ್ಟು ಮೀನಿನ ಕಡೆ ಹೊರಟುಬಿಟ್ಟಿರಿ. ಅವರು ಯಾಕೆ ಕೂಗಿದರು? ಏನಂತ ಕೂಗಿದರು? ಇಂಗ್ಲಿಷಿನಲ್ಲಾ, ಅಲ್ಲಿನ ಜನರಾಡುವ ಪಾಪಿಯಾಮೆಂಟು ಭಾಷೆಯಲ್ಲಾ? ಕೂಗಿದ ಮೇಲೆ ನಿಮ್ಮ ಹತ್ತಿರ ಬಂದರಾ, ಮುಖ ತಿರುಗಿಸಿದರಾ? ಓದುಗರಿಗೆ ಏನೂ ಗೊತ್ತಾಗುವುದಿಲ್ಲ.

ನಾನು ಬೊನೇರ್ ನೋಡಿದವನಲ್ಲ. ನಿಮ್ಮ ಲೇಖನ ಓದಿದ ಮೇಲೆ ನಕ್ಷೆ ತೆಗೆದು ಕೂತೆ, ಅಲ್ಲಿನ ಕಡಲ ಉದ್ಯಾನದ ನಿಯಮಗಳನ್ನು ಓದಿದೆ. ನೀವು ನಿಂತ ಜಾಗ ಎಂಥದ್ದು ಅಂತ ಆಗ ಅರ್ಥವಾಯಿತು.

ಹವಳ ಕಲ್ಲಲ್ಲ. ಅದರ ಜೀವ ಇರುವುದು ಮೇಲಿನ ತೆಳುವಾದ ಪದರದಲ್ಲಿ. ಒಳಗಿರುವುದು ಆ ಸಣ್ಣ ಜೀವಿಗಳೇ ಕಟ್ಟಿಕೊಂಡ ಸುಣ್ಣದ ಗೂಡು. ಮೇಲೆ ಕಾಲೂರಿದರೆ ಪದರ ಜಜ್ಜಿಹೋಗುತ್ತದೆ. ಗಾಯವಾದ ಕಡೆ ಪಾಚಿ ಹಿಡಿಯುತ್ತದೆ. ಗುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಅದೇ ಜಾಸ್ತಿ. ಸೊಂಟದೆತ್ತರ ಅಂತ ನೀವೇ ಬರೆದಿದ್ದೀರಿ. ಲೆಕ್ಕ ಹಾಕಿ ನೋಡಿ. ನಿಮ್ಮ ಅಜ್ಜಿ ಹುಟ್ಟುವ ಮೊದಲೇ ಅದು ಅಲ್ಲಿ ಬೆಳೆಯುತ್ತಿತ್ತೇನೋ.

ಇನ್ನೂ ಇದೆ. ಬೊನೇರ್ ಸುತ್ತಲಿನ ಕಡಲು, 60 ಮೀಟರ್ ಆಳದವರೆಗೆ, 1979ರಿಂದ ಸಂರಕ್ಷಿತ ಉದ್ಯಾನ. ಹವಳದ ಮೇಲೆ ದೋಣಿಗಳು ಲಂಗರು ಇಳಿಸುವಂತಿಲ್ಲ. ಅಲ್ಲಲ್ಲಿ ಕಟ್ಟಿಟ್ಟ ತೇಲುಗುರುತಿಗೆ ಹಗ್ಗ ಬಿಗಿಯಬೇಕು. ಡೈವ್ ಮಾಡುವವರು ಕೈಗವಸು ಹಾಕುವಂತಿಲ್ಲ, ಯಾಕೆಂದರೆ ಕೈಗವಸು ಇದ್ದರೆ ಜನ ಧೈರ್ಯವಾಗಿ ಹವಳ ಹಿಡಿದುಕೊಳ್ಳುತ್ತಾರೆ. ನೀವು ಹೋದ ಕ್ಲೈನ್ ಬೊನೇರ್ ಎಂಬ ಪುಟ್ಟ ದ್ವೀಪ ಬಹಳ ಕಾಲ ಖಾಸಗಿಯವರ ಕೈಯಲ್ಲಿತ್ತು. ಅಲ್ಲಿ ರೆಸಾರ್ಟ್ ಬರಬಾರದು ಅಂತ ಜನ ಹೋರಾಡಿದರು. 1999ರಲ್ಲಿ ಅದನ್ನು ದುಡ್ಡು ಕೊಟ್ಟು ಮರಳಿ ಪಡೆದರು. ಈಗಲೂ ಅಲ್ಲಿ ಮನೆ ಇಲ್ಲ, ಹೋಟೆಲ್ ಇಲ್ಲ. “ನಿರ್ಜನ ದ್ವೀಪ, ಸ್ವರ್ಗದ ತುಣುಕು” ಅಂತ ನೀವು ಬರೆದಿದ್ದೀರಲ್ಲ, ಅದು ತಾನಾಗಿ ನಿರ್ಜನವಾಗಿ ಉಳಿದದ್ದಲ್ಲ. ಜನ ಹಾಗೆ ಉಳಿಸಿಕೊಂಡದ್ದು.

ಆಮೇಲೆ ರೋಗ. ಗಟ್ಟಿ ಹವಳಗಳ ಜೀವಪದರವನ್ನೇ ಕರಗಿಸಿಬಿಡುವ ರೋಗವೊಂದು 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡಿತು. ಕೆರಿಬಿಯನ್ ದ್ವೀಪಗಳನ್ನು ಒಂದೊಂದಾಗಿ ಹಿಡಿಯುತ್ತಾ 2023ರಲ್ಲಿ ಬೊನೇರ್‌ಗೂ ಬಂತು. ನೂರು ವರ್ಷದ ಹವಳವನ್ನು ಅದು ಕೆಲವೇ ವಾರಗಳಲ್ಲಿ, ತಿಂಗಳುಗಳಲ್ಲಿ ಬಿಳಿ ಅಸ್ಥಿ ಮಾಡಿಬಿಡುತ್ತದೆ. ದಿನಾ ಜನರನ್ನು ಕರೆದುಕೊಂಡು ಹೋಗಿ ಇದೇ ಹವಳ ತೋರಿಸುವ ಮನುಷ್ಯ ಅದನ್ನೆಲ್ಲ ಕಣ್ಣಾರೆ ನೋಡುತ್ತಿದ್ದಾನೆ. ಇನ್ನೂ ಬದುಕಿರುವ ಒಂದು ಹವಳದ ಮೇಲೆ ನೀವು ಕಾಲಿಟ್ಟಿರಿ. ಅವನು ಕೂಗಿದ.

ನಿಮಗೆ ಬೈಯಲು ಇಷ್ಟು ಬರೆಯುತ್ತಿಲ್ಲ. ಮೊದಲ ಸಲ ನೀರಿಗಿಳಿದವರು ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ್ದರ ಮೇಲೆ ನಿಲ್ಲುತ್ತಾರೆ. ನನ್ನ ತಕರಾರು ಬರಹದ್ದು. ಅಂಥ ಕ್ಷಣ ಕೈಗೆ ಸಿಕ್ಕಿದಾಗ ಬರೆಯುವವರು ಅಲ್ಲಿ ನಿಲ್ಲಬೇಕಿತ್ತು. ನೀವು ಓಡಿದಿರಿ.

ಈ ಓಟ ಬೇರೆ ಕಡೆಯೂ ಇದೆ. ಸಾಲು ಸಾಲಾಗಿ ನೋಡೋಣ.

“ದೋಣಿ ಕ್ರಾಲೆಂಡೈಕ್‌ನಿಂದ ಹೊರಟಿತು.” ಬೊನೇರ್‌ನ ಆ ಮುಖ್ಯ ಊರಿನಿಂದ ಅದನ್ನು ಯಾರು ಹೊರಡಿಸಿದರು? ಎಂಜಿನ್ನಿನದಾ, ಹಾಯಿಯದಾ? ಚುಕ್ಕಾಣಿ ಹಿಡಿದವರು ಹೆಂಗಸಾ, ಗಂಡಸಾ? ಎದುರಿಗಿರುವ ದ್ವೀಪಕ್ಕೆ ದಾರಿ ಸ್ವಲ್ಪವೇ. ಆ ಸ್ವಲ್ಪ ಹೊತ್ತಿನಲ್ಲಿ ನೀವು ಯಾರ ಮುಖವನ್ನೂ ನೋಡಲಿಲ್ಲವೇ?

“ಕೆಲವು ಸೂಚನೆಗಳನ್ನು ನೀಡಲಾಯಿತು.” ಇದು ಸರ್ಕಾರಿ ಸುತ್ತೋಲೆಯ ವಾಕ್ಯ. ಯಾವ ಸೂಚನೆ? ಮಾಸ್ಕಿನ ಗಾಜಿಗೆ ಉಗುಳು ಹಚ್ಚಿ ತೊಳೆಯಿರಿ, ಮಂಜು ಕಟ್ಟುವುದಿಲ್ಲ ಅಂದರಾ? ಮಾಸ್ಕಿನ ಅಂಚಿನಡಿ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ ಅಂದರಾ? ಕೊಳವೆಯೊಳಗೆ ನೀರು ಬಂದರೆ ಜೋರಾಗಿ ಊದಿ ಹೊರಹಾಕಿ ಅಂದರಾ? ಹವಳ ಮುಟ್ಟಬೇಡಿ ಅಂತ ಆಗಲೇ ಹೇಳಿದ್ದರಾ? ಹೇಳಿದ್ದರೆ ಆಮೇಲಿನ ಕೂಗಿಗೆ ಬೇರೆಯೇ ಅರ್ಥ ಬರುತ್ತದೆ. ಹೇಳಿರದಿದ್ದರೆ ಇನ್ನೊಂದು ಅರ್ಥ. ಓದುಗರಿಗೆ ಇದು ಗೊತ್ತಾಗಲೇಬೇಕು ಅಲ್ವಾ?

“ಮೊದಲು ಸ್ವಲ್ಪ ಭಯವಾಯಿತು, ನಂತರ ಆನಂದವಾಯಿತು.” ಹಿಂದಿನ ಪುಟದಲ್ಲಿ ನಿಮಗೆ ಈಜು ಬರುವುದಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದ ಮೇಲೆ ಭಯಕ್ಕೂ ಆನಂದಕ್ಕೂ ನಡುವೆ ಬರೀ ಒಂದು ಅಲ್ಪವಿರಾಮ ಇಟ್ಟರೆ ನಾನು ನಂಬುವುದಿಲ್ಲ. ಮುಖ ನೀರಿನಲ್ಲಿದೆ, ಬಾಯಿಂದ ಉಸಿರು ಎಳೆಯಬೇಕು. ಮೈ ಒಪ್ಪುವುದಿಲ್ಲ. ತಲೆ ತಾನಾಗಿ ಮೇಲೆದ್ದುಬಿಡುತ್ತದೆ. ಆಗ ಯಾರು ಏನು ಮಾಡಿದರು? “ಗೈಡ್ ಹಿಡಿದ ತೇಲುಬಳೆ ಹಿಡಿದುಕೊಂಡೆ” ಅಂತ ಎರಡು ಪ್ಯಾರಾ ಆದ ಮೇಲೆ ಬೇರೆ ಯಾವುದೋ ಮಾತಿನ ನಡುವೆ ಬರುತ್ತದೆ. ಒಬ್ಬರು ನಿಮ್ಮನ್ನು ನೀರಿನಲ್ಲಿ ಎಳೆದುಕೊಂಡೇ ಹೋಗಿದ್ದಾರೆ. ಅವರೇ ಕೂಗಿದವರು ತಾನೇ? ಒಂದು ಕೈಯಲ್ಲಿ ನಿಮ್ಮನ್ನು ಹಿಡಿದ ಮನುಷ್ಯನೇ ನಿಮ್ಮ ಮೇಲೆ ಕೂಗಿದ್ದು ಅಂದರೆ ಅದೇ ಒಂದು ಕತೆ.

“ಗೈಡ್ ಅವಸರ ಮಾಡಿದ್ದರಿಂದ ಹೆಚ್ಚು ಫೋಟೊ ತೆಗೆಯಲಾಗಲಿಲ್ಲ.” ಕ್ಲೈನ್ ಬೊನೇರ್‌ನಲ್ಲಿ ದೋಣಿ ನಿಮ್ಮನ್ನು ಒಂದು ಕಡೆ ಇಳಿಸುತ್ತದೆ. ಹರಿವು ನಿಮ್ಮನ್ನು ಹವಳದ ಅಂಚಿನುದ್ದಕ್ಕೂ ತೇಲಿಸಿಕೊಂಡು ಹೋಗುತ್ತದೆ. ದೋಣಿ ಜೊತೆಗೆ ಬಂದು ಇನ್ನೊಂದು ತುದಿಯಲ್ಲಿ ಹತ್ತಿಸಿಕೊಳ್ಳುತ್ತದೆ. ಒಬ್ಬರು ಫೋಟೊಗೆ ಅಂತ ಹಿಂದೆ ಉಳಿದರೆ ಗುಂಪು ಚದುರುತ್ತದೆ. ಅದರಲ್ಲಿ ಈಜು ಬರದವರೂ ಇದ್ದೀರಿ. ಅವರ ಅವಸರ ನಿಮ್ಮ ಜೀವಕ್ಕಾಗಿ.

ನಾನು ಕೆಲಸ ಕಲಿತದ್ದು ಕರಾವಳಿಯ ಒಂದು ಪತ್ರಿಕೆಯಲ್ಲಿ. ನಮ್ಮ ಹಿರಿಯ ಉಪಸಂಪಾದಕರು ಹೊಸಬರನ್ನು ಮೊದಲು ಕಳಿಸುತ್ತಿದ್ದದ್ದು ಮಲ್ಪೆ ಬಂದರಿಗೆ. ಬೆಳಗಿನ ಜಾವದ ಮೀನು ಹರಾಜಿನ ವರದಿ ಮಾಡಬೇಕು. ಬಂಗುಡೆಗೆ ಎಷ್ಟು, ಬೂತಾಯಿಗೆ ಎಷ್ಟು, ಎಷ್ಟು ಬೋಟ್ ಬಂದವು. ವರದಿ ಅವರ ಮೇಜಿಗೆ ಹೋದರೆ ಪ್ರತಿ ಸಲ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: “ತಂಡೇಲ ಏನಂದ?” ಬೋಟ್ ನಡೆಸುವವನನ್ನು ನಮ್ಮ ಕಡೆ ತಂಡೇಲ ಅನ್ನುತ್ತಾರೆ. ಬರೀ ದರದ ವರದಿಗೆ ತಂಡೇಲನ ಮಾತು ಯಾಕೆ ಅಂತ ನಾವು ಹುಡುಗರು ಗೊಣಗುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ.

ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಲ್ಲ ದಡದಲ್ಲಿರುತ್ತವೆ. ಆ ಮಳೆಗಾಲದಲ್ಲಿ ನನ್ನನ್ನು ಬಲೆ ರಿಪೇರಿ ಮಾಡುವವರ ಪಕ್ಕ ಕೂರಲು ಕಳಿಸಿದರು. “ವರದಿ ಬೇಡ, ಸುಮ್ನೆ ಕೂತು ಕೇಳು” ಅಂದರು. ಒಬ್ಬ ತಂಡೇಲ ಕೈಯಲ್ಲಿ ಬಲೆ ಹೆಣೆಯುತ್ತಲೇ ಮೀನು ಎಲ್ಲಿದೆ ಅಂತ ತನಗೆ ಹೇಗೆ ಗೊತ್ತಾಗುತ್ತದೆ ಅಂತ ಹೇಳಿದ. ನೀರಿನ ಬಣ್ಣ ಎಲ್ಲಿ ಬದಲಾಗಿದೆ ನೋಡಬೇಕು, ಹಕ್ಕಿ ಎಲ್ಲಿ ಎರಗುತ್ತದೆ ನೋಡಬೇಕು ಅಂದ. ಅವನ ಪಕ್ಕ ಕೂರುವ ಮೊದಲು ನನಗೆ ಕಡಲು ಅಂದರೆ ಒಂದೇ ನೀಲಿ ಹಾಳೆ. ಆಮೇಲೆ ಅದರಲ್ಲಿ ಗೆರೆಗಳು, ತುಂಡುಗಳು, ಕೆಲಸ ಎಲ್ಲ ಕಾಣತೊಡಗಿತು. ಬಂದರಿನ ಬಗ್ಗೆ ನಾನು ಬರೆದದ್ದರಲ್ಲಿ ಇವತ್ತಿಗೂ ಓದಬಹುದಾದದ್ದು ಆ ಮಳೆಗಾಲದ ನಂತರದ್ದು. ನಿಮ್ಮ ಲೇಖನ ಓದುವಾಗ ಆ ಕೆಂಪು ಶಾಯಿ ನನ್ನ ಕೈಯಲ್ಲೇ ಇತ್ತು. ಗೈಡ್ ಏನಂದ?

ಈಗ ನನ್ನನ್ನು ಎಬ್ಬಿಸಿ ನಿಲ್ಲಿಸಿದ ಸಾಲು. “ಕಿವಿ ನೀರಿನಲ್ಲಿ ಮುಳುಗಿದಾಗ ಯಾರೋ ಕಲ್ಲುಸಕ್ಕರೆ ಕಡಿದ ಹಾಗೆ ಕಟ್ ಕಟ್ ಸದ್ದು ಕೇಳುತ್ತಿತ್ತು.” ಇದನ್ನು ಬರೆದವರು ಬರೆಯಬಲ್ಲವರು. ಇಷ್ಟು ನಿಖರವಾಗಿ ಕೇಳಿಸಿಕೊಂಡಿದ್ದೀರಿ. ಆದರೆ ಮುಂದಿನ ಸಾಲಿನಲ್ಲಿ ಊಟ ಬಂತು! ಸದ್ದು ಯಾರದ್ದು ಅಂತ ಗೈಡ್‌ನ ಕೇಳಲಿಲ್ಲವೇ?

ಅದು ಗಿಳಿಮೀನು. ಹಲ್ಲುಗಳು ಒಂದಕ್ಕೊಂದು ಕೂಡಿ ಗಿಳಿಯ ಕೊಕ್ಕಿನ ಹಾಗಾಗಿರುವ ಮೀನು. ಹವಳದ ದಿಬ್ಬದ ಮೇಲಿನ ಪಾಚಿಯನ್ನು ಕೆರೆದು ಕಡಿದು ತಿನ್ನುತ್ತದೆ. ಜೊತೆಗೆ ಬಂದ ಸುಣ್ಣವನ್ನು ಗಂಟಲಿನ ಹಲ್ಲುಗಳಲ್ಲಿ ಅರೆದು ಮರಳಾಗಿ ಹೊರಹಾಕುತ್ತದೆ. “ಹಾಲಿನಂಥ ಬಿಳಿ ಮರಳು” ಅಂತ ಮೊದಲ ಪುಟದಲ್ಲಿ ಬರೆದಿದ್ದೀರಲ್ಲ, ಅದರಲ್ಲಿ ಈ ಮೀನಿನ ಪಾಲು ದೊಡ್ಡದು. ನೀವು ಹಿಡಿದ ಸದ್ದು ಆ ಬೀಚು ತಯಾರಾಗುವ ಸದ್ದು.

1983ರಲ್ಲಿ ಪನಾಮಾ ಕಡೆಯಿಂದ ಶುರುವಾಗಿ ಕೆರಿಬಿಯನ್ ಉದ್ದಕ್ಕೂ ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್‌ಗಳು, ಮುಳ್ಳುಚೆಂಡಿನಂಥ ಕಡಲಜೀವಿಗಳು, ಬಹುಪಾಲು ಸತ್ತುಹೋದವು. ಪಾಚಿ ಮೇಯುತ್ತಿದ್ದವು ಅವು. ಅವು ಹೋದ ಮೇಲೆ ಪಾಚಿ ಹವಳವನ್ನು ಮುಚ್ಚದಂತೆ ತಡೆಯುವ ಭಾರ ಗಿಳಿಮೀನುಗಳ ಮೇಲೆ ಬಿತ್ತು. ಬೊನೇರ್ 1971ರಲ್ಲೇ ಈಟಿ ಮೀನುಗಾರಿಕೆ ನಿಲ್ಲಿಸಿತ್ತು. 2010ರಲ್ಲಿ ಗಿಳಿಮೀನು ಹಿಡಿಯುವುದನ್ನೂ ನಿಷೇಧಿಸಿತು. ಅದಕ್ಕೇ ನಿಮಗೆ ಆ ಸದ್ದು ಅಷ್ಟು ಧಾರಾಳವಾಗಿ ಕೇಳಿಸಿದ್ದು.

ನಿಮ್ಮ “ಬಣ್ಣಬಣ್ಣದ ಮೀನುಗಳು” ಎಂಬ ಮಾತಿನ ಮೇಲೆ ಇದನ್ನು ಇಟ್ಟು ನೋಡಿ. ಅದು ಯಾವ ಕಡಲಿಗೂ ಅಂಟಿಸಬಹುದಾದ ಮಾತು. ನಮ್ಮ ಓದುಗರಲ್ಲಿ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ನೀರಿಗಿಳಿದವರಿದ್ದಾರೆ. ಅವರು ಬಣ್ಣದ ಮೀನು ನೋಡಿದ್ದಾರೆ. ಅವರಿಗೆ ಬೇಕಾದದ್ದು ನೀವು ನೋಡಿದ ಮೀನು. ಒಂದು ಕಡೆ “ಕೆಂಪು ಹೊಟ್ಟೆಯ ಕಂದು ಮೀನು, ಪಕ್ಕದಲ್ಲೇ ಬಾಲದ ಬುಡದಲ್ಲಿ ಹಳದಿ ಚುಕ್ಕೆಯಿದ್ದ ಹಸಿರು ಮೀನು” ಅಂತ ಬರೆದು ಆಮೇಲೆ ಗೀಟು ಹೊಡೆದಿದ್ದೀರಿ. ಯಾಕೆ ಹೊಡೆದಿರಿ? ಸ್ಟಾಪ್‌ಲೈಟ್ ಎಂಬ ಜಾತಿಯ ಗಿಳಿಮೀನು ಹೀಗೇ ಇರುತ್ತದೆ. ಚಿಕ್ಕದಿದ್ದಾಗ ಕೆಂಪು ಹೊಟ್ಟೆಯ ಕಂದು. ದೊಡ್ಡ ಗಂಡಾದಾಗ ಹಸಿರು. ಅವುಗಳಲ್ಲಿ ಹೆಣ್ಣಾಗಿದ್ದದ್ದು ಬಣ್ಣ ಬದಲಿಸಿ ಗಂಡಾಗುವುದೂ ಉಂಟು. ನೀವು ನೋಡಿದ್ದು ಎರಡು ಜಾತಿಯಲ್ಲ, ಒಂದೇ ಜಾತಿಯ ಎರಡು ವಯಸ್ಸು. ನಿಮ್ಮ ಕಣ್ಣು ಸರಿಯಾಗಿಯೇ ಕೆಲಸ ಮಾಡಿದೆ. ಕೈ ಅದನ್ನು ಅಳಿಸಿದೆ. ಗೀಟು ತೆಗೆಯಿರಿ.

ಮತ್ತೆ ಬರೆಯುವಾಗ ವಿಮಾನ, ಹೋಟೆಲ್, ಬೆಳಗಿನ ತಿಂಡಿಯ ಪುಟಗಳನ್ನು ಬಿಟ್ಟುಬಿಡಿ. ದೋಣಿಯಿಂದಲೇ ಶುರು ಮಾಡಿ. ನಿಮ್ಮ ಟೂರ್ ಬುಕ್ಕಿಂಗ್ ಇಮೇಲ್ ಇನ್ನೂ ಇರಬಹುದು. ಅದಕ್ಕೆ ಉತ್ತರ ಬರೆದು ಆ ದಿನದ ಗೈಡ್ ಜೊತೆ ಮಾತಾಡಬೇಕು ಅಂತ ಕೇಳಿ. ಅವರು ಎಲ್ಲಿ ಹುಟ್ಟಿದವರು, ನೀರಿಗಿಳಿಯಲು ಯಾರು ಕಲಿಸಿದರು, ಆ ದಿಬ್ಬ ಅವರು ಮೊದಲು ನೋಡಿದಾಗ ಹೇಗಿತ್ತು, ಈಗ ಹೇಗಿದೆ, ಎಲ್ಲ ಕೇಳಿ. ಹವಳದ ಮೇಲೆ ನಿಂತದ್ದನ್ನೂ ನೀವೇ ಎತ್ತಿ ಕೇಳಿ. ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಹಾಕಿ, ಅದು ನಿಮಗೆ ಇಷ್ಟವಾಗದಿದ್ದರೂ ಸರಿ. ಉತ್ತರ ಬರದಿದ್ದರೆ ನಿಮಗೆ ನೆನಪಿರುವಷ್ಟನ್ನೇ ಬರೆಯಿರಿ, ಆದರೆ ನೆನಪಿರುವುದನ್ನೆಲ್ಲ ಬರೆಯಿರಿ.

ಫೋಟೊಗಳಲ್ಲಿ ನೀರಿನೊಳಗಿನ ಮಸುಕು ಫೋಟೊ ಒಂದನ್ನು ಇಟ್ಟುಕೊಂಡಿದ್ದೇನೆ. ಅದರ ಮೂಲೆಯಲ್ಲಿ ತೇಲುಬಳೆ ಹಿಡಿದ ಕೈ ಕಾಣುತ್ತದೆ. ಮಿಕ್ಕವು ಬೇಡ. ತಿದ್ದಿದ ಪ್ರತಿಯನ್ನು ಕಚೇರಿಯ ವಿಳಾಸಕ್ಕಲ್ಲ, ಈ ಪತ್ರಕ್ಕೇ ಉತ್ತರವಾಗಿ ಕಳಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ