ಓದುಗರ ಪ್ರಶ್ನೆ: ಝ್ಯೂಸನನ್ನು ಕೊಂದವರು ಯಾರು?

ಪ್ರಶ್ನೆ: ಪ್ಲಸ್ ಟು ಓದುತ್ತಿರುವ ನನ್ನ ಅಕ್ಕನ ಮಗ ಓಣಂ ರಜೆಗೆ ಬಂದಿದ್ದಾಗ ‘ಗಾಡ್ ಆಫ್ ವಾರ್’ ಎಂಬ ವೀಡಿಯೊ ಗೇಮ್ ಆಡುತ್ತಿದ್ದ. ಅದರಲ್ಲಿ ಕ್ರೇಟೋಸ್ ಎಂಬ ನಾಯಕ, ಗ್ರೀಕರ ದೇವರಾಜನಾದ ಝ್ಯೂಸ್ ತನ್ನ ತಂದೆಯೆಂದು ತಿಳಿದ ಮೇಲೂ ಅವನನ್ನು ಗುದ್ದಿ ಗುದ್ದಿ ಕೊಲ್ಲುತ್ತಾನೆ. ‘ಇದು ಅವರ ಪುರಾಣದಲ್ಲೇ ಇದೆ ಮಾವ’ ಎಂದು ಅವನ ವಾದ. ನಿಜವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇಲ್ಲ. (ಕೂಲ್‌ಬಾರಿನ ಜ್ಯೂಸಿನ ನೆನಪಾಗದಿರಲೆಂದು ನಾನೂ ನಿಮ್ಮಂತೆ ‘ಝ್ಯೂಸ್’ ಎಂದೇ ಬರೆಯುತ್ತೇನೆ.) ಗ್ರೀಕ್ ಪುರಾಣದ ಝ್ಯೂಸ್ ಸಾಯುವುದಿಲ್ಲ, ತಮ್ಮ ದ್ವೀಪದಲ್ಲಿ ಅವನ ಗೋರಿಯಿದೆ ಎನ್ನುತ್ತಿದ್ದ ಕ್ರೀಟಿನ ಜನರನ್ನು ಕಲ್ಲಿಮಾಕಸ್ ಎಂಬ ಕವಿ ಸುಳ್ಳುಗಾರರೆಂದೇ ಜರೆದಿದ್ದಾನೆ. ಕ್ರೇಟೋಸ್ ಎಂಬ ಹೆಸರು ಪುರಾಣದಲ್ಲಿ ಇದೆ, ಆದರೆ ಅವನು ಝ್ಯೂಸನ ಮಗನಲ್ಲ, ಸ್ಟಿಕ್ಸ್ ಎಂಬ ದೇವತೆಯ ಮಗ. ‘ಬಲ’ ಎಂಬುದೇ ಆ ಹೆಸರಿನ ಅರ್ಥ. ಬೆಂಕಿ ಕದ್ದ ಪ್ರೊಮಿಥಿಯಸನನ್ನು ಬಂಡೆಗೆ ಬಿಗಿಸುವಾಗ, ಕೈ ನಡುಗಿ ಹಿಂಜರಿಯುವ ಕಮ್ಮಾರ ದೇವರನ್ನು ಗದರಿಸುತ್ತಾ ನಿಲ್ಲುವವನು ಈ ಕ್ರೇಟೋಸ್. ಅಂದರೆ ಅವನು ಝ್ಯೂಸನ ನಿಷ್ಠಾವಂತ ಆಳು.

ಹಾಗೆಂದು ನಿಮ್ಮ ಸೋದರಳಿಯನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಕ್ರಿ.ಪೂ. 700ರ ಆಸುಪಾಸಿನ ಹೆಸಿಯಡ್ ಕವಿ ಹೇಳುವ ಕಥೆಯಲ್ಲಿ ಮೊದಲ ಆಕಾಶದೇವ ಊರನೋಸ್ ತನ್ನ ಮಕ್ಕಳನ್ನು ಭೂದೇವಿಯ ಒಡಲೊಳಗೇ ಅದುಮಿಡುತ್ತಾನೆ. ಕಿರಿಯ ಮಗ ಕ್ರೋನೋಸ್ ತಾಯಿ ಕೊಟ್ಟ ಕುಡುಗೋಲಿನಿಂದ ತಂದೆಯ ಪುರುಷತ್ವವನ್ನೇ ಕತ್ತರಿಸಿ ಎಸೆದು ದೊರೆಯಾಗುತ್ತಾನೆ. ಅವನಿಗೂ ಅದೇ ಗತಿ ಕಾದಿದೆಯೆಂಬ ಭವಿಷ್ಯ ಕೇಳಿಬರುತ್ತದೆ. ಇಲ್ಲಿ ನಮ್ಮವರಿಗೆ ಕಂಸನ ನೆನಪಾಗುವುದು ಸಹಜ, ಆದರೆ ಕಂಸ ಸೋದರಮಾವ. ಕ್ರೋನೋಸನಾದರೋ ಹೆತ್ತ ಐವರನ್ನು ಒಬ್ಬೊಬ್ಬರನ್ನಾಗಿ ನುಂಗುವ ತಂದೆ. ಆರನೆಯವನಾದ ಝ್ಯೂಸ್ ಹುಟ್ಟಿದಾಗ ತಾಯಿ ರಿಯಾ ಒಂದು ಕಲ್ಲಿಗೆ ಬಟ್ಟೆ ಸುತ್ತಿ ಕೊಡುತ್ತಾಳೆ, ಗಂಡ ಅದನ್ನೇ ಮಗುವೆಂದು ನುಂಗುತ್ತಾನೆ. ಮುಂದೆ ಅವನು ಕಾರಿದ ಆ ಕಲ್ಲು ಇದೇ ಎಂದು ಡೆಲ್ಫಿಯಲ್ಲಿ ಒಂದು ಕಲ್ಲನ್ನು ತೋರಿಸುತ್ತಿದ್ದರು. ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಅದನ್ನು ವರ್ಣಿಸಿದ್ದಾನೆ: ದೊಡ್ಡದೇನಲ್ಲ, ದಿನವೂ ಅದಕ್ಕೆ ಎಣ್ಣೆ ಎರೆಯುತ್ತಾರೆ, ಹಬ್ಬದ ದಿನ ಹಸಿ ಉಣ್ಣೆ ಹೊದಿಸುತ್ತಾರೆ. ನಾಗಬನದ ಕಲ್ಲಿಗೆ ಹಾಲೆರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತು ವರ್ಷ ಯುದ್ಧ ಮಾಡಿ ತಂದೆಯನ್ನು ಇಳಿಸಿದ ಝ್ಯೂಸನಿಗೂ ಇದೇ ಭಯ ಬಂತು. ತನ್ನ ಮೊದಲ ಹೆಂಡತಿ ಮೆಟಿಸಳಿಗೆ ಮುಂದೆ ಹುಟ್ಟುವ ಮಗ ತನ್ನ ಪೀಠ ಕಸಿಯುತ್ತಾನೆಂದು ತಿಳಿದಾಗ ಅವನು ಅಪ್ಪನಿಗಿಂತ ಜಾಣನಾದ. ಮಕ್ಕಳು ಹುಟ್ಟುವ ತನಕ ಕಾಯದೆ ತಾಯಿಯನ್ನೇ ನುಂಗಿಬಿಟ್ಟ. ಅವಳ ಹೊಟ್ಟೆಯಲ್ಲಿದ್ದ ಮಗಳು ಅಥೀನಾ ಅವನ ತಲೆಯಿಂದ ಹೊರಬಂದಳು, ಮಗ ಹುಟ್ಟಲೇ ಇಲ್ಲ. ಹುಟ್ಟದೇ ಹೋದ ಆ ಮಗನ ಜಾಗದಲ್ಲಿ ಗೇಮಿನವರು ಕ್ರೇಟೋಸನನ್ನು ತಂದು ನಿಲ್ಲಿಸಿದ್ದಾರೆ ಎಂಬುದು ನನ್ನ ಓದು. 2005ರಲ್ಲಿ ಆರಂಭವಾಗಿ, 2007ರ ಎರಡನೆಯ ಭಾಗದಲ್ಲಿ ಝ್ಯೂಸನೇ ಕ್ರೇಟೋಸನನ್ನು ಇರಿದು, 2010ರ ಮೂರನೆಯ ಭಾಗದಲ್ಲಿ ಮಗನ ಕೈಯಿಂದ ಸಾಯುವವರೆಗಿನ ಕಥೆಯೆಲ್ಲ ಆ ಹಳೆಯ ಭಯದ ಮೇಲೆಯೇ ನಿಂತಿದೆ.

ಪಾರ್ತಿಸುಬ್ಬನ ಕುಂಬಳೆ ಸೀಮೆಯ ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದಿಲ್ಲ. ತಾಳಮದ್ದಳೆಯಲ್ಲಿ ಬಭ್ರುವಾಹನ ಕಾಳಗ ನಡೆಯುವಾಗ ಒಳ್ಳೆಯ ಅರ್ಥಧಾರಿ ಪದ್ಯದಲ್ಲಿಲ್ಲದ ಎಷ್ಟೋ ಮಾತನ್ನು ಪದ್ಯದೊಳಗಿನಿಂದಲೇ ಎಳೆದು ತರುತ್ತಾನೆ. ಆದರೆ ಅಲ್ಲಿ ಅರ್ಜುನ ಮತ್ತೆ ಬದುಕುತ್ತಾನೆ. ಗೇಮಿನ ಕೊನೆಯಲ್ಲಿ ಬಟನ್ ಒತ್ತಿದಷ್ಟೂ ಕ್ರೇಟೋಸ್ ಗುದ್ದುತ್ತಾ ಹೋಗುತ್ತಾನೆ, ಪರದೆ ಪೂರ್ತಿ ಕೆಂಪಾಗಿ ಏನೂ ಕಾಣದಂತಾಗುತ್ತದೆ, ಆಡುವವನೇ ಕೈ ತೆಗೆಯಬೇಕು. ಇದು ಗಟ್ಟಿ ಕಲ್ಪನೆಯೆಂದು ಒಪ್ಪುತ್ತೇನೆ. ನನ್ನ ತಕರಾರು ಬೇರೆ: ಅತಿಥಿಯನ್ನೂ ಮೊರೆಹೊಕ್ಕವನನ್ನೂ ಕಾಯುವವನು, ಆಣೆಗೆ ಸಾಕ್ಷಿಯಾಗಿರುವವನು ಎಂದು ಗ್ರೀಕರು ನಂಬಿದ್ದ ಝ್ಯೂಸ್ ಈ ಆಟದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಪ್ರಶ್ನೆ: ಝ್ಯೂಸನೂ ನಮ್ಮ ಇಂದ್ರನೂ ಒಬ್ಬನೇ ಎನ್ನುತ್ತಾರೆ. ಹೌದೇ?
– ನಿವೃತ್ತ ಅಧ್ಯಾಪಕರು, ಪೆರ್ಲ

ಉತ್ತರ: ಕೆಲಸ ಇಂದ್ರನದು, ಹೆಸರು ವೇದದ ಆಕಾಶದೇವ ದ್ಯೌಃ ಎಂಬವನದು. ಋಗ್ವೇದದ ‘ದ್ಯೌಷ್ಪಿತಾ’, ರೋಮನರ ‘ಜುಪಿಟರ್’, ಗ್ರೀಕರ ‘ಝ್ಯೂಸ್’ ಒಂದೇ ಮೂಲದ ಮಾತುಗಳು. ನಮ್ಮಲ್ಲಿ ದ್ಯೌಃ ಮಸುಕಾಗಿ, ಸಿಡಿಲು ಇಂದ್ರನ ಕೈ ಸೇರಿತು. ಸ್ವಾರಸ್ಯವೆಂದರೆ ಋಗ್ವೇದದ ನಾಲ್ಕನೆಯ ಮಂಡಲದ 18ನೆಯ ಸೂಕ್ತ, ತಂದೆಯ ಕಾಲು ಹಿಡಿದು ಅವನನ್ನು ನಾಶಮಾಡಿ ನಿನ್ನ ತಾಯಿಯನ್ನು ವಿಧವೆಯಾಗಿಸಿದವರು ಯಾರು ಎಂದು ಇಂದ್ರನನ್ನೇ ಕೇಳುತ್ತದೆ. ಊರನೋಸನೇ ವರುಣ ಎಂಬ ಹಳೆಯ ಸಮೀಕರಣವನ್ನು ಮಾತ್ರ ಇಂದಿನ ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ವರ್ಷ. ಅವನೂ ‘ಗಾಡ್ ಆಫ್ ವಾರ್’ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೇ?
– ಗೃಹಿಣಿಯೊಬ್ಬರು, ಮಂಜೇಶ್ವರ

ಉತ್ತರ: ಬೇಡ. ಅಮೆರಿಕದ ಶ್ರೇಣಿಯಲ್ಲಿ ಅದು 17 ದಾಟಿದವರಿಗೆ ಮಾತ್ರ. ಅವನು ಇನ್ನೊಂದೆರಡು ವರ್ಷ ದೊಡ್ಡವನಾದ ಮೇಲೆ 2020ರ ‘ಹೇಡಿಸ್’ ಎಂಬ ಗೇಮ್ ನೋಡಬಹುದು. ಪಾತಾಳದ ದೊರೆ ಹೇಡಿಸನ ಮಗ ಝಾಗ್ರಿಯಸ್ ಮನೆ ಬಿಟ್ಟು ಓಡಲು ಹವಣಿಸುವಾಗ ಮೇಲಿನಿಂದ ಸಿಡಿಲಿನ ವರ ಕಳಿಸುವ ಝ್ಯೂಸ್ ಅಲ್ಲಿ ನಗುನಗುತ್ತಾ ಮಾತಾಡುವ ನೆಂಟ. ಚಿಕ್ಕಪ್ಪನೋ ದೊಡ್ಡಪ್ಪನೋ ಎಂದು ಮಗ ಕೇಳಿದರೆ, ಹೆಸಿಯಡನ ಪ್ರಕಾರ ಝ್ಯೂಸ್ ಎಲ್ಲರಿಗಿಂತ ಕಿರಿಯವನಾದ್ದರಿಂದ ಚಿಕ್ಕಪ್ಪ, ಹೋಮರನ ಪ್ರಕಾರ ಹಿರಿಯವನಾದ್ದರಿಂದ ದೊಡ್ಡಪ್ಪ ಎಂದು ಹೇಳಿ.