ಗ್ರಾಹಕರ ಪ್ರಶ್ನೆ, ಕಾನೂನಿನ ಉತ್ತರ: ಮೊಬೈಲ್ ಒಪ್ಪಂದವನ್ನು ಅರ್ಧಕ್ಕೇ ಬಿಟ್ಟಾಗ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದ ನಾನು ತಂದೆಯವರ ಅನಾರೋಗ್ಯದ ಕಾರಣ 2007ರಲ್ಲಿ ಊರಿಗೆ ಮರಳಬೇಕಾಯಿತು. ಎರಡು ವರ್ಷದ ಮೊಬೈಲ್ ಒಪ್ಪಂದದಲ್ಲಿ ಕೆಲವೇ ತಿಂಗಳು ಬಾಕಿ ಇದ್ದರೂ ಕಂಪನಿಯವರು ರದ್ದತಿ ಶುಲ್ಕವೆಂದು ಪೂರ್ತಿ 200 ಡಾಲರ್ ವಸೂಲು ಮಾಡಿದರು. ಇಂಥ ಶುಲ್ಕದ ವಿರುದ್ಧ ಸಾಮೂಹಿಕ ದಾವೆ ನಡೆದು ಹಣ ವಾಪಸು ಬಂದಿತೆಂದು ಅಲ್ಲಿನ ಸ್ನೇಹಿತರು ಈಚೆಗೆ ತಿಳಿಸಿದರು. ನನಗೆ ಒಂದು ಪತ್ರವೂ ಬಂದಿಲ್ಲ. ನಾನೇ ಸಹಿ ಹಾಕಿದ ಒಪ್ಪಂದದ ಶುಲ್ಕ ಕಾನೂನುಬಾಹಿರವಾಗಿದ್ದು ಹೇಗೆ? ಆ ಹಣ ಈಗ ಸಿಕ್ಕೀತೇ? – ಓದುಗರು, ಮೈಸೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಈಗ ಸಿಗುವುದಿಲ್ಲ. ಆ ರಾಜಿಗಳಲ್ಲಿ ಅರ್ಜಿ ಸಲ್ಲಿಸಲು ನೀಡಿದ್ದ ಗಡುವು ಮುಗಿದು ಬಹಳ ವರ್ಷಗಳಾಗಿವೆ. ಆದರೆ ನಿಮಗೆ ಪತ್ರ ಬಾರದೇ ಇದ್ದುದು ಸಣ್ಣ ವಿಷಯವಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಇದೇ ಕಾರಣಕ್ಕೆ ಒಂದು ರಾಜಿಯ ಮಂಜೂರಾತಿಯನ್ನೇ ರದ್ದು ಮಾಡಿದ್ದುಂಟು.

ಸಹಿ ಹಾಕಿದ ಮೇಲೆ ಎಲ್ಲ ಷರತ್ತಿಗೂ ಬದ್ಧರು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಆದರೆ ಕಾನೂನು ಅಷ್ಟು ದೂರ ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 1671ನೇ ಕಲಮಿನ ಪ್ರಕಾರ, ಗ್ರಾಹಕರೊಂದಿಗಿನ ಒಪ್ಪಂದದಲ್ಲಿ ನಷ್ಟದ ಮೊತ್ತವನ್ನು ಮೊದಲೇ ಗೊತ್ತುಪಡಿಸುವಂತಿಲ್ಲ; ನಿಜವಾದ ನಷ್ಟವನ್ನು ಲೆಕ್ಕ ಹಾಕುವುದು ಅಸಾಧ್ಯ ಅಥವಾ ತೀರಾ ಕಷ್ಟವಾದ ಸಂದರ್ಭಗಳಿಗೆ ಮಾತ್ರ ಇದರಿಂದ ವಿನಾಯಿತಿ. ಸ್ಪ್ರಿಂಟ್ ಕಂಪನಿಯ ವಿರುದ್ಧ ಅಲಮೇಡಾ ಕೌಂಟಿಯಲ್ಲಿ ನಡೆದ ದಾವೆಯಲ್ಲಿ, ಈ ಶುಲ್ಕವನ್ನು ನಿಗದಿ ಮಾಡಿದ್ದು ನಷ್ಟದ ಅಂದಾಜಿನಿಂದಲ್ಲ, ಗ್ರಾಹಕರು ಬಿಟ್ಟುಹೋಗದಂತೆ ತಡೆಯುವ ಉದ್ದೇಶದಿಂದ ಎಂದು ನ್ಯಾಯಾಲಯ ಕಂಡುಕೊಂಡಿತು. ಮೊದಲ ತಿಂಗಳಲ್ಲಿ ಬಿಟ್ಟವರಿಗೂ ಇಪ್ಪತ್ತಮೂರನೆಯ ತಿಂಗಳಲ್ಲಿ ಬಿಟ್ಟವರಿಗೂ ಒಂದೇ ಮೊತ್ತ ವಿಧಿಸಿದರೆ ಅದು ನಷ್ಟ ಪರಿಹಾರವಾಗದೆ ದಂಡವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯವೂ ಹೌದು.

ವಸೂಲಾಗಿದ್ದ ಹಣದಲ್ಲಿ 1.825 ಕೋಟಿ ಡಾಲರನ್ನು ಮರಳಿಸಬೇಕು, ಬಿಲ್ ಮಾಡಿಯೂ ವಸೂಲಾಗದೆ ಉಳಿದಿದ್ದ 5.475 ಕೋಟಿ ಡಾಲರನ್ನು ಕೈಬಿಡಬೇಕು ಎಂದು 2008ರ ಜುಲೈನಲ್ಲಿ ನ್ಯಾಯಾಧೀಶೆ ಬಾನಿ ಸಬ್ರಾ ಅಭಿಪ್ರಾಯಪಟ್ಟರು. ಗ್ರಾಹಕರು ಒಪ್ಪಂದ ಮುರಿದುದರಿಂದ ಕಂಪನಿಗೆ ಇದಕ್ಕಿಂತ ಹೆಚ್ಚು ನಷ್ಟವಾಗಿದೆ ಎಂದು ಜ್ಯೂರಿ ಹೇಳಿದ್ದರೂ, ಆ ಭಾಗಕ್ಕೆ ಮರುವಿಚಾರಣೆ ಆದೇಶಿಸಲಾಯಿತು; 2011ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಇದನ್ನೆಲ್ಲ ಎತ್ತಿಹಿಡಿಯಿತು. ಇಂಥದೇ ದಾವೆ ಎದುರಿಸುತ್ತಿದ್ದ ವೆರೈಜನ್ 2008ರಲ್ಲಿ 2.1 ಕೋಟಿ ಡಾಲರಿಗೆ ರಾಜಿಯಾಯಿತು.

ಇನ್ನು ಪತ್ರದ ವಿಷಯ. ಸ್ಪ್ರಿಂಟ್ ಇಡೀ ದೇಶದ ಗ್ರಾಹಕರೊಂದಿಗೆ 1.75 ಕೋಟಿ ಡಾಲರಿನ ರಾಜಿ ಮಾಡಿಕೊಂಡು ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದ ಒಪ್ಪಿಗೆ ಪಡೆದಿತ್ತು. ಶುಲ್ಕ ತೆತ್ತ ಹಳೆಯ ಗ್ರಾಹಕರ ಹೆಸರು, ವಿಳಾಸಗಳು ಕಂಪನಿಯ ದಾಖಲೆಗಳಲ್ಲೇ ಇರುವಾಗ ಅವರಿಗೆ ನೇರವಾಗಿ ಪತ್ರ ಬರೆಯದೆ ಜಾಹೀರಾತು ಕೊಟ್ಟು ಕೈತೊಳೆದುಕೊಂಡದ್ದು ಸರಿಯೇ ಎಂದು ಕೆಲವರು ಆಕ್ಷೇಪ ಎತ್ತಿದರು. 2012ರಲ್ಲಿ ಮೂರನೆಯ ಸರ್ಕ್ಯೂಟ್ ನ್ಯಾಯಾಲಯ (ನ್ಯೂಜೆರ್ಸಿಯ ಫೆಡರಲ್ ತೀರ್ಪುಗಳ ಮೇಲ್ಮನವಿ ಕೇಳುವ ನ್ಯಾಯಾಲಯ) ಆ ಆಕ್ಷೇಪದಲ್ಲಿ ಹುರುಳಿದೆಯೆಂದು ಒಪ್ಪಿ, ಸಾಧಾರಣ ಪ್ರಯತ್ನದಿಂದ ಗುರುತಿಸಬಹುದಾದವರಿಗೆ ಪ್ರತ್ಯೇಕ ಸೂಚನೆ ನೀಡಲು ಸಾಧ್ಯವಿತ್ತೇ ಎಂಬುದನ್ನು ಸರಿಯಾಗಿ ಪರಿಶೀಲಿಸಿಲ್ಲವೆಂದು ಮಂಜೂರಾತಿಯನ್ನು ರದ್ದುಪಡಿಸಿ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು. ಬಿಲ್ ಕಳುಹಿಸಲು ಸಿಗುವ ವಿಳಾಸ ಹಣ ಮರಳಿಸುವ ವೇಳೆಗೆ ಸಿಗದಂತಾಗಬಾರದು. ದೇಶ ಬಿಟ್ಟು ಬಂದ ನಿಮ್ಮಂಥವರಿಗೆ ಅಲ್ಲಿನ ಪತ್ರಿಕೆಯ ಜಾಹೀರಾತು ಕಣ್ಣಿಗೆ ಬೀಳುವುದಾದರೂ ಹೇಗೆ?

ಈ ಒತ್ತಡದ ನಡುವೆ ಕಂಪನಿಗಳ ಪದ್ಧತಿಯೂ ಬದಲಾಯಿತು. ವೆರೈಜನ್ 2006ರ ಕೊನೆಯಲ್ಲೇ 175 ಡಾಲರಿನ ಶುಲ್ಕವನ್ನು ತಿಂಗಳಿಗೆ 5 ಡಾಲರಿನಂತೆ ಇಳಿಸತೊಡಗಿತ್ತು. ಇಪ್ಪತ್ತು ತಿಂಗಳು ಪೂರೈಸಿದವರು 75 ಡಾಲರ್ ಕೊಟ್ಟರೆ ಸಾಕಿತ್ತು. ಆದರೆ 2009ರ ನವೆಂಬರಿನಲ್ಲಿ ಅದೇ ಕಂಪನಿ ಸ್ಮಾರ್ಟ್‌ಫೋನುಗಳಿಗೆ ಶುಲ್ಕವನ್ನು 350 ಡಾಲರಿಗೆ ಏರಿಸಿ ತಿಂಗಳಿಗೆ 10 ಡಾಲರ್ ಇಳಿಸುವ ಕ್ರಮ ತಂದಾಗ, ಅಷ್ಟೇ ತಿಂಗಳು ಪೂರೈಸಿದವರು 150 ಡಾಲರ್ ತೆರಬೇಕಾಯಿತು.

ಪ್ರಶ್ನೆ: ಸಾಮೂಹಿಕ ದಾವೆಯ ರಾಜಿಯಲ್ಲಿ ವಕೀಲರಿಗೇ ಹೆಚ್ಚು ಲಾಭ ಎನ್ನುತ್ತಾರೆ. ಇದು ನಿಜವೇ? – ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಬ್ಬೊಬ್ಬ ಗ್ರಾಹಕರ ಪಾಲಿಗೆ ಹೋಲಿಸಿದರೆ ವಕೀಲರ ಶುಲ್ಕ ದೊಡ್ಡದೇ, ಸಾಮಾನ್ಯವಾಗಿ ಒಟ್ಟು ಮೊತ್ತದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇರುತ್ತದೆ, ಅದನ್ನು ನ್ಯಾಯಾಲಯವೇ ನಿರ್ಧರಿಸುತ್ತದೆ. ಆದರೆ 200 ಡಾಲರಿಗಾಗಿ ಒಬ್ಬರೇ ವಕೀಲರನ್ನು ಇಟ್ಟುಕೊಂಡು ದೊಡ್ಡ ಕಂಪನಿಯ ವಿರುದ್ಧ ವರ್ಷಗಟ್ಟಲೆ ಹೋರಾಡುವುದು ಆಗದ ಮಾತು. ಉಳಿದ ಸಾಮೂಹಿಕ ದಾವೆಯ ದಾರಿಯೂ ಈಗ ಕಿರಿದಾಗಿದೆ. ‘ಉಚಿತ’ ಎಂದು ಕೊಟ್ಟ ಫೋನಿಗೆ 30.22 ಡಾಲರ್ ಮಾರಾಟ ತೆರಿಗೆ ಹಾಕಿದ್ದಕ್ಕೆ ಕ್ಯಾಲಿಫೋರ್ನಿಯಾದ ದಂಪತಿ ಎಟಿ ಅಂಡ್ ಟಿ ಮೇಲೆ ಹೂಡಿದ ದಾವೆಯಲ್ಲಿ, ಒಪ್ಪಂದದಲ್ಲಿ ಪ್ರತ್ಯೇಕ ಮಧ್ಯಸ್ಥಿಕೆಯ (ನ್ಯಾಯಾಲಯದ ಬದಲು ಮಧ್ಯಸ್ಥರ ಮುಂದೆ ಒಬ್ಬೊಬ್ಬರಾಗಿ ವ್ಯಾಜ್ಯ ಬಗೆಹರಿಸಿಕೊಳ್ಳುವ) ಷರತ್ತಿದ್ದರೆ ಸಾಮೂಹಿಕ ದಾವೆಯನ್ನು ತಡೆಯಬಹುದು ಎಂದು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತೀರ್ಪಿತ್ತಿತು. ನಾಲ್ವರು ನ್ಯಾಯಮೂರ್ತಿಗಳ ಭಿನ್ನಮತವೇ ನನಗೆ ಹೆಚ್ಚು ನ್ಯಾಯವೆನಿಸುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಹಲವು ಮನೆಗಳಿಗೆ ಒಂದೇ ಇಂಟರ್ನೆಟ್ ಕಂಪನಿ ಇಂಥದೇ ರದ್ದತಿ ಶುಲ್ಕ ಹಾಕಿದೆ. ಎಲ್ಲರೂ ಸೇರಿ ದೂರು ಕೊಡಬಹುದೇ? – ಓದುಗರು, ಹುಬ್ಬಳ್ಳಿ

ಉತ್ತರ: ಕೊಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 35(1)(ಸಿ) ಕಲಮಿನಡಿ ಸಮಾನ ಹಿತಾಸಕ್ತಿಯುಳ್ಳ ಎಲ್ಲರ ಪರವಾಗಿ ಒಬ್ಬರು ಅಥವಾ ಕೆಲವರು ಗ್ರಾಹಕ ಆಯೋಗದ ಅನುಮತಿ ಪಡೆದು ದೂರು ಸಲ್ಲಿಸಬಹುದು. ಬೆಂಗಳೂರಿನ ವಸತಿ ಸಮುಚ್ಚಯವೊಂದರ 91 ಖರೀದಿದಾರರ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಮಾನ ಹಿತಾಸಕ್ತಿಯನ್ನು ದೂರಿನಲ್ಲಿ ಸ್ಪಷ್ಟವಾಗಿ ತೋರಿಸಬೇಕು, ಅದು ಸಾಧ್ಯವಾಗದಿದ್ದರೆ ದೂರುದಾರರಷ್ಟೇ ಸೇರಿ ಜಂಟಿ ದೂರು ಕೊಡಲು ಅಡ್ಡಿಯಿಲ್ಲ ಎಂದಿದೆ. ನಿಮ್ಮಲ್ಲಿ ಕೆಲವೇ ಮನೆಗಳಿದ್ದರೆ ಜಂಟಿ ದೂರೇ ಸುಲಭ.

ನಷ್ಟಕ್ಕೆ ತಾಳೆಯಾಗದಷ್ಟು ದಂಡ ಹೇರುವ ಷರತ್ತನ್ನು ಇದೇ ಕಾಯ್ದೆ ‘ಅನ್ಯಾಯದ ಒಪ್ಪಂದ’ವೆಂದು ಕರೆಯುತ್ತದೆ. ಆದರೆ ಅನ್ಯಾಯದ ಒಪ್ಪಂದವೆಂಬ ಆಧಾರದ ಮೇಲಿನ ದೂರು ಹೋಗಬೇಕಾದದ್ದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ. ಸೇವಾ ನ್ಯೂನತೆಯೆಂದು ದೂರುವುದಾದರೆ ಜಿಲ್ಲಾ ಆಯೋಗ ಸಾಕು. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗ ಕೇಳುವಂತಿಲ್ಲ ಎಂದು ಕಂಪನಿ ವಾದಿಸಿದರೆ ಅಂಜಬೇಡಿ, 2022ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದೆ. ಪ್ರತಿ ಮನೆಯವರೂ ಒಪ್ಪಂದದ ಪ್ರತಿ, ಶುಲ್ಕದ ಬಿಲ್ ಮತ್ತು ಕಂಪನಿಗೆ ಬರೆದ ಪತ್ರವನ್ನು ಜೋಪಾನವಾಗಿಡಿ. ಶುಲ್ಕ ವಸೂಲಾದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.