ಓದೋಕೂ ಸಹಿ ಹಾಕಬೇಕಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರುವ ಮಾಡ್ಯೂಲ್ ಆಗಿ ಪುಟ್ಟ ರೂಟರ್ ಬರೆದಿದ್ದೇನೆ. ಯಾವ ವಿಳಾಸದ ಪ್ಯಾಕೆಟ್ ಯಾವ ದಾರಿಗೆ ಹೋಗಬೇಕೆಂದು ಹೇಳುವ ರೂಟ್ ಪಟ್ಟಿಗೆ ರೀಡರ್-ರೈಟರ್ ಲಾಕ್ ಇದೆ. ಪ್ರೊಸೆಸರಿನ ಎಷ್ಟು ಕೋರ್‌ಗಳು ಬೇಕಾದರೂ ಒಟ್ಟಿಗೆ ಓದಬಹುದು, ಅಲ್ವಾ? ಪಟ್ಟಿ ಬದಲಾಗುವುದು ದಿನಕ್ಕೆ ಒಂದೆರಡು ಸಲ. ಆದರೂ 2 ಕೋರ್ ಇದ್ದದ್ದನ್ನು 8 ಮಾಡಿದರೆ ವೇಗ ಏರುತ್ತಿಲ್ಲ. ಹುಡುಕಿ ಸಿಕ್ಕ ಉತ್ತರಗಳನ್ನು ಕ್ಯಾಶ್ ಮಾಡಿಟ್ಟರೆ (ಮತ್ತೆ ಬಳಸಲು ಕೂಡಿಟ್ಟರೆ) ಸರಿಹೋಗುತ್ತದೆಯೇ?

ಉತ್ತರ: ಆ ಲಾಕ್‌ನ ಹೆಸರಲ್ಲೇ ಮೋಸ ಇದೆ. ಓದಲು ಬಂದ ಪ್ರತಿ ಕೋರೂ ಒಂದು ಲೆಕ್ಕವನ್ನು ಏರಿಸುತ್ತದೆ, ಹೋಗುವಾಗ ಇಳಿಸುತ್ತದೆ. ಅಂದರೆ ಓದುವ ಮೊದಲೇ ಎಲ್ಲರೂ ಬರೆಯುತ್ತಿದ್ದಾರೆ! ನೋಟಿಸ್ ಬೋರ್ಡನ್ನು ನೂರು ಜನ ಒಟ್ಟಿಗೆ ನೋಡಬಹುದು. ಆದರೆ ನೋಡುವ ಮುಂಚೆ ಪುಸ್ತಕದಲ್ಲಿ ಸಹಿ ಹಾಕಬೇಕು, ಪೆನ್ನು ಒಂದೇ ಅಂದರೆ? ಹಾಗೆಯೇ ಆ ಲೆಕ್ಕ ಕೂತಿರುವ 64 ಬೈಟ್‌ಗಳ ಕ್ಯಾಶ್ ಲೈನ್ (ಪ್ರೊಸೆಸರಿನ ವೇಗದ ಮೆಮೊರಿಯ ಒಂದು ತುಂಡು) ಒಂದು ಕೋರ್‌ನಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ.

ಒಂದು ಪ್ಯಾಕೆಟ್‌ಗೆ ನಮ್ಮ ಕೈಲಿರುವ ಸಮಯ ಎಷ್ಟು ನೋಡಿ. 10 ಗಿಗಾಬಿಟ್ ಲೈನಿನಲ್ಲಿ ಬರೀ 64 ಬೈಟ್‌ಗಳ ಫ್ರೇಮ್‌ಗಳೇ (ತಂತಿಯ ಮೇಲೆ ಹೋಗುವ ಪ್ಯಾಕೆಟ್‌ಗಳೇ) ಬಂದರೆ ಸೆಕೆಂಡಿಗೆ ಸುಮಾರು 1.49 ಕೋಟಿ. ಒಂದೊಂದಕ್ಕೆ ಸಿಗುವುದು 67 ನ್ಯಾನೋಸೆಕೆಂಡ್. ರ್‍ಯಾಮ್‌ಗೆ ಒಂದು ಸಲ ಹೋಗಿ ಬರುವಷ್ಟರಲ್ಲೇ ಅದು ಮುಗಿದುಹೋಗಬಹುದು.

ನಾನೂ ಇದೇ ಗುಂಡಿಗೆ ಬಿದ್ದವನು. ಹುಡುಕುವ ಕೋಡೇ ನಿಧಾನ ಅಂದುಕೊಂಡು ಎರಡು ದಿನ ಸುಮ್ನೆ ಅದನ್ನೇ ಉಜ್ಜಿದೆ. ಕೊನೆಗೆ ಪರ್ಫ್ (ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಲಿನಕ್ಸ್ ಸಾಧನ) ಓಡಿಸಿದರೆ ಅದರ ಪಟ್ಟಿಯ ತಲೆಯಲ್ಲಿ ಕೂತಿದ್ದದ್ದು ಲಾಕ್. ನೀವು ಮೊದಲು ಪರ್ಫ್ ಓಡಿಸಿ.

ಆಮೇಲೆ ಆ ಲಾಕ್ ಬಿಟ್ಟು ಆರ್‌ಸಿಯುಗೆ (ರೀಡ್-ಕಾಪಿ-ಅಪ್‌ಡೇಟ್) ಬನ್ನಿ. ಇದು 2002ರಲ್ಲೇ ಲಿನಕ್ಸ್‌ಗೆ ಸೇರಿದೆ. ಇಲ್ಲಿ ಓದುವವರಿಗೆ ಸಹಿ ಪುಸ್ತಕವೇ ಇಲ್ಲ. ಬದಲಾಯಿಸುವವನು ಹೊಸ ಪ್ರತಿ ಸಿದ್ಧ ಮಾಡಿ ಪಾಯಿಂಟರನ್ನು ಅದರ ಕಡೆ ತಿರುಗಿಸುತ್ತಾನೆ. ಹಳೆಯದನ್ನು ನೋಡುತ್ತಿದ್ದವರೆಲ್ಲ ಮುಗಿಸುವವರೆಗೆ ಕಾದು, ನಂತರ ಅದನ್ನು ಬಿಸಾಕುತ್ತಾನೆ. ಕಾಯುವ ಕಷ್ಟವೆಲ್ಲ ಬರೆಯುವವನಿಗೆ. ದಿನಕ್ಕೆ ಎರಡು ಸಲ ತಾನೇ, ಕಾಯಲಿ ಬಿಡಿ. ಒಂದೇ ಎಚ್ಚರ: ಓದುವ ಭಾಗದ ಮಧ್ಯೆ ನಿದ್ದೆಗೆ ಹೋಗುವ ಯಾವ ಫಂಕ್ಷನ್ನನ್ನೂ ಕರೆಯಬೇಡಿ.

ಇನ್ನು ಕ್ಯಾಶ್. ಬೇಡ ಅನ್ನುತ್ತೇನೆ. ಲಿನಕ್ಸ್‌ನಲ್ಲೇ ಐಪಿವಿ4ಗೆ ರೂಟ್ ಕ್ಯಾಶ್ ಇತ್ತು. ಆಗ ಲಿನಕ್ಸ್‌ನ ನೆಟ್‌ವರ್ಕ್ ಭಾಗ ನೋಡಿಕೊಳ್ಳುತ್ತಿದ್ದ ಡೇವಿಡ್ ಮಿಲ್ಲರ್ ಅದನ್ನು ಕಿತ್ತುಹಾಕಿದರು; 2012ರ 3.6 ಆವೃತ್ತಿಯಿಂದ ಅದು ಇಲ್ಲ. ಆ ಕ್ಯಾಶ್ ಕಳಿಸಿದವರ ವಿಳಾಸವನ್ನೂ ಸೇರಿಸಿ ಹುಡುಕುತ್ತಿತ್ತು. ಯಾರಾದರೂ ಬೇಕಂತಲೇ ಸುಳ್ಳು ವಿಳಾಸಗಳ ಪ್ಯಾಕೆಟ್ ಸುರಿದರೆ ಒಂದೊಂದಕ್ಕೂ ಹೊಸ ನಮೂದು ಆಗಬೇಕು, ಹಳೆಯದರ ಕಸ ಗುಡಿಸಬೇಕು. ನೇರವಾಗಿ ಟ್ರೈ (trie) ಅನ್ನುವ ಮರದಂಥ ರೂಟ್ ಪಟ್ಟಿಯಲ್ಲಿ ಹುಡುಕುವುದೇ ವಾಸಿ ಅನ್ನುವಂತಾಯಿತು.

ಅಂದಹಾಗೆ, ಪ್ರತಿ ರೂಟಿನೊಳಗೆ 'ಎಷ್ಟು ಪ್ಯಾಕೆಟ್ ಹೋಯಿತು' ಅಂತ ಲೆಕ್ಕ ಇಟ್ಟಿದ್ದೀರಾ? ಹಾಗಿದ್ದರೆ ಲಾಕ್ ತೆಗೆದರೂ ಅದೇ ಪೆನ್ನಿನ ಜಗಳ. ಕೋರ್‌ಗೊಂದು ಲೆಕ್ಕ ಇಡಿ, ತೋರಿಸುವಾಗ ಕೂಡಿಕೊಳ್ಳಿ.